ಬಟ್ಟೆ ಕಾಗದವಲ್ಲ

ಎಂಬ್ರಾಯ್ಡರಿ ಯಂತ್ರವನ್ನು ಹೊಸದಾಗಿ ಮನೆಗೆ ತಂದವರಿಗೆ ಬಹಳ ಬೇಗ ಒಂದು ವಿಚಿತ್ರ ಎದುರಾಗುತ್ತದೆ. ಕಂಪ್ಯೂಟರಿನಲ್ಲಿ ಬಿಡಿಸಿದ್ದು ಸರಿಯಾದ ವೃತ್ತ, ಬಟ್ಟೆಯ ಮೇಲೆ ಮೂಡಿದ್ದು ಮೊಟ್ಟೆ. ಹೂವಿನ ಸುತ್ತ ಬರಬೇಕಾದ ಕಪ್ಪು ಗೆರೆ ಹೂವಿಗೆ ತಾಗದೆ ಅರ್ಧ ಮಿಲಿಮೀಟರ್ ಆಚೆ ನಿಂತಿರುತ್ತದೆ. ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಫೋನ್ ಹೋಗುತ್ತದೆ. ಬಹುಪಾಲು ಸಲ ಯಂತ್ರ ಕೆಟ್ಟಿರುವುದಿಲ್ಲ. ಹೇಳಿದ ಜಾಗದಲ್ಲೇ ಅದು ಸೂಜಿ ಇಳಿಸಿದೆ. ಅಷ್ಟರಲ್ಲಿ ಬಟ್ಟೆಯೇ ಅಲ್ಲಿಂದ ಸರಿದಿದೆ.

ನೇಯ್ದ ಬಟ್ಟೆಯೆಂದರೆ ಹಾಸು ಮತ್ತು ಹೊಕ್ಕಿನ ಎಳೆಗಳು ಒಂದರ ಮೇಲೊಂದು ಹಾದುಹೋಗಿ, ಬರೀ ಘರ್ಷಣೆಯಿಂದ ನಿಂತಿರುವ ಜಾಲರಿ. ಅಂಟಿಲ್ಲ, ಗಂಟಿಲ್ಲ. ಹಾಸಿನ ಉದ್ದಕ್ಕೆ ಎಳೆದರೆ ಎಳೆಗಳ ಸಣ್ಣ ಅಂಕುಡೊಂಕು ನೇರವಾಗುವಷ್ಟು ಮಾತ್ರ ಹಿಗ್ಗುತ್ತದೆ. ಮೂಲೆಯಿಂದ ಮೂಲೆಗೆ, ದರ್ಜಿಗಳು ಹೇಳುವ ಹಾಗೆ ಕ್ರಾಸ್ ಆಗಿ ಎಳೆದರೆ ಕಥೆಯೇ ಬೇರೆ. ನಾಲ್ಕು ಕಡ್ಡಿಗಳನ್ನು ಮೂಲೆಗೊಂದು ಮೊಳೆ ಹೊಡೆದು ಚೌಕ ಮಾಡಿ, ಎದುರುಬದುರು ಮೂಲೆಗಳನ್ನು ಹಿಡಿದು ಜಗ್ಗಿ ನೋಡಿ: ಕಡ್ಡಿ ಒಂದಿಷ್ಟೂ ಉದ್ದವಾಗದೆ ಚೌಕ ಮಾತ್ರ ವಜ್ರಾಕೃತಿಗೆ ವಾಲುತ್ತದೆ. ಬಟ್ಟೆಯಲ್ಲಿ ಇಂಥ ಚೌಕಗಳು ಲಕ್ಷಗಟ್ಟಲೆ ಇವೆ.

ಈ ಜಾಲರಿಯ ಮೇಲೆ ಯಂತ್ರದ ಹೊಲಿಗೆ ಏನು ಮಾಡುತ್ತದೆ? ಕೈಸೂಜಿಯ ಕಣ್ಣು ಹಿಂದಿನ ತುದಿಯಲ್ಲಿದ್ದರೆ ಯಂತ್ರದ ಸೂಜಿಯ ಕಣ್ಣು ಮೊನೆಯ ಹತ್ತಿರ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಲ್ಲಿ ಇಂಥ ಸೂಜಿಯೂ ಇತ್ತು, ಎರಡು ದಾರದ ಹೊಲಿಗೆಯೂ ಇತ್ತು. ಇಂದಿನ ಸೂಜಿಯನ್ನು ಬೆಳಕಿಗೆ ಹಿಡಿದರೆ ಒಂದು ಬದಿಯಲ್ಲಿ ಉದ್ದನೆಯ ತೋಡು ಕಾಣುತ್ತದೆ. ಕೆಳಗಿಳಿದ ಸೂಜಿ ಮತ್ತೆ ಒಂದಿಷ್ಟೇ ಮೇಲೇಳುವಾಗ, ತೋಡಿನ ಬದಿಯ ದಾರ ಸಲೀಸಾಗಿ ಜಾರುತ್ತದೆ. ಇನ್ನೊಂದು ಬದಿಯದು ಬಟ್ಟೆಗೆ ಒತ್ತಿಕೊಂಡು ಅಲ್ಲೇ ಸಿಕ್ಕಿ, ಉಬ್ಬಿ ಕುಣಿಕೆಯಾಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಕೆಳಗಿನ ಕೊಕ್ಕೆ ಬಂದು ಕುಣಿಕೆಯನ್ನು ಹಿಡಿದು, ಕೆಳಗಿನ ದಾರದ ಉರುಳೆಯಾದ ಬಾಬಿನ್ನಿನ ಸುತ್ತ ಹಾಯಿಸುತ್ತದೆ. ಮೇಲಿನ ತೋಳು ದಾರವನ್ನು ಬಿಗಿದೆಳೆದಾಗ ಎರಡು ದಾರಗಳ ಹೆಣಿಗೆ ಬಟ್ಟೆಯ ದಪ್ಪದೊಳಗೆ ಹೂತುಹೋಗುತ್ತದೆ. ಹೀಗೆ ಹಿಂದೆ ಮುಂದೆ ಎಳೆದಾಡುವಾಗ ದಾರದ ಪ್ರತಿ ತುಂಡೂ ಹೊಲಿಗೆಯಾಗಿ ನಿಲ್ಲುವ ಮೊದಲು ಸೂಜಿಯ ಕಣ್ಣಿನಲ್ಲಿ ಹತ್ತಾರು ಬಾರಿ ಹೋಗಿಬಂದಿರುತ್ತದೆ. ಅಗ್ಗದ ದಾರ ಜುಂಜಾಗಿ ಹರಿಯುವುದು ಅದಕ್ಕೇ.

ಇಲ್ಲಿ ಮುಖ್ಯವಾದದ್ದು ಆ ಕೊನೆಯ ಬಿಗಿತ. ಒಂದು ಹೊಲಿಗೆಯ ಎಳೆತ ಲೆಕ್ಕಕ್ಕಿಲ್ಲ. ಆದರೆ 3 ಸೆಂಟಿಮೀಟರ್ ಅಗಲದ ವೃತ್ತವನ್ನು ರೂಢಿಯಂತೆ 0.4 ಮಿಲಿಮೀಟರ್ ಅಂತರದ ಸಾಲುಗಳಿಂದ ತುಂಬಿದರೆ 75 ಸಾಲುಗಳಾದವು, ಎಲ್ಲವೂ ಒಂದೇ ದಿಕ್ಕಿನವು. ಎಲ್ಲವೂ ಸೇರಿ ಆ ದಿಕ್ಕಿನಲ್ಲಿ ಬಟ್ಟೆಯನ್ನು ಒಳಕ್ಕೆ ಸೆಳೆಯುತ್ತವೆ. ಅಡ್ಡ ದಿಕ್ಕಿನಲ್ಲಿ ದಾರಗಳು ಒಂದರ ಪಕ್ಕ ಒಂದು ತುರುಕಿಕೊಂಡು ಬಟ್ಟೆಯನ್ನು ಹೊರಕ್ಕೆ ನೂಕುತ್ತವೆ. ವೃತ್ತ ಮೊಟ್ಟೆಯಾದದ್ದು ಹೀಗೆ. ಅನುಭವಿಗಳು ಅದಕ್ಕೆ ಪರದೆಯ ಮೇಲೆ ಬೇಕೆಂದೇ ತಪ್ಪು ಆಕಾರ ಬಿಡಿಸುತ್ತಾರೆ. ಸೆಳೆಯುವ ದಿಕ್ಕಿನಲ್ಲಿ ತುಸು ಹೆಚ್ಚು, ನೂಕುವ ದಿಕ್ಕಿನಲ್ಲಿ ತುಸು ಕಡಿಮೆ. ತಪ್ಪನ್ನು ಬಟ್ಟೆಯೇ ತಿದ್ದಿಕೊಳ್ಳುತ್ತದೆ.

ಬಟ್ಟೆಯ ಕೆಳಗೆ ಬ್ಯಾಕಿಂಗ್ ಪೇಪರ್ ಇಡುವುದೂ ಇದೇ ಕಾರಣಕ್ಕೆ. ಹೆಸರಿಗೆ ಪೇಪರ್ ಆದರೂ ಅದು ನೇಯದೆ ಒತ್ತಿ ಮಾಡಿದ ನಾರಿನ ಹಾಳೆ. ಒಳ್ಳೆಯ ಹಾಳೆಯಲ್ಲಿ ನಾರುಗಳು ಎಲ್ಲ ದಿಕ್ಕಿಗೂ ಹರಡಿರುವುದರಿಂದ ಅದಕ್ಕೆ ಕ್ರಾಸ್ ಎಂಬುದಿಲ್ಲ, ಯಾವ ಕಡೆಗೂ ಸುಲಭಕ್ಕೆ ವಾಲದು. ಟವೆಲ್ಲಿನಂಥ ಬಟ್ಟೆಯ ಮೇಲೆ ಹೊಲಿಗೆ ಹೂತುಹೋಗದಿರಲು ಹಾಸುವ ಪಾರದರ್ಶಕ ಹಾಳೆ ಇನ್ನೂ ಜಾಣತನದ್ದು. ಪಾಲಿವಿನೈಲ್ ಆಲ್ಕೋಹಾಲ್‌ನಿಂದ ಮಾಡಿದ ಅದರ ಅಣುಸರಪಣಿಯ ಉದ್ದಕ್ಕೂ ನೀರಿನ ಜೊತೆ ಬೆರೆಯಬಲ್ಲ ಗುಂಪುಗಳಿವೆ. ಕೆಲಸ ಮುಗಿದ ಮೇಲೆ ನೀರಿಗದ್ದಿದರೆ ಕರಗಿಹೋಗುತ್ತದೆ.

ಯಂತ್ರಕ್ಕೆ ಇದೊಂದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಕಿಗಳು ಮಾತ್ರ. ಜಪಾನಿನ ತಾಜಿಮಾ ಕಂಪನಿಯ ಡಿಎಸ್‌ಟಿ ಎಂಬ ಫೈಲ್ ಮಾದರಿಯಲ್ಲಿ ಪ್ರತಿ ಹೊಲಿಗೆಗೆ 3 ಬೈಟ್. ‘ಈಗಿರುವಲ್ಲಿಂದ ಇಷ್ಟು ಪಕ್ಕಕ್ಕೆ, ಇಷ್ಟು ಮುಂದಕ್ಕೆ ಹೋಗು’ ಎಂಬುದಷ್ಟೇ ಅದರ ಮಾತು. ಅಳತೆಯ ಕನಿಷ್ಠ ಮೆಟ್ಟಿಲು 0.1 ಮಿಲಿಮೀಟರ್, ಒಂದು ನೆಗೆತದ ಗರಿಷ್ಠ 12.1 ಮಿಲಿಮೀಟರ್. ಆ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎನ್ನುವವರಿಗೆ: 1, 3, 9, 27, 81 ಇವುಗಳನ್ನು ಕೂಡಿಸಿದರೆ 121. ಒಂದೊಂದನ್ನೂ ಕೂಡಿಸಿ, ಕಳೆದು ಅಥವಾ ಬಿಟ್ಟು ಸೊನ್ನೆಯಿಂದ 121ರವರೆಗಿನ ಯಾವ ಸಂಖ್ಯೆಯನ್ನಾದರೂ ಪಡೆಯಬಹುದು, ಎರಡೂ ದಿಕ್ಕಿಗೆ. ತಕ್ಕಡಿಯ ಎರಡೂ ತಟ್ಟೆಗಳಲ್ಲಿ ತೂಕದ ಕಲ್ಲು ಇಡುವ ಹಳೆಯ ಗಣಿತದ ಲೆಕ್ಕವೇ ಇದು. ಹತ್ತು ಸಾವಿರ ಹೊಲಿಗೆಯ ಹೂವೊಂದು 30 ಕಿಲೋಬೈಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ವಾಟ್ಸಾಪಿನಲ್ಲಿ ಬರುವ ಶುಭೋದಯದ ಚಿತ್ರಕ್ಕಿಂತ ಚಿಕ್ಕದು.

ಧಾರವಾಡ ಕಡೆಯ ಕಸೂತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಅಳತೆ ಮಿಲಿಮೀಟರಿನದಲ್ಲ, ಎಳೆಯದು. ಚಿತ್ರ ಬರೆದುಕೊಳ್ಳದೆ ಬಟ್ಟೆಯ ಎಳೆಗಳನ್ನೇ ಎಣಿಸಿ ಸೂಜಿ ಚುಚ್ಚುವುದರಿಂದ, ಬಟ್ಟೆ ಸ್ವಲ್ಪ ವಾಲಿದರೂ ಗೋಪುರವೂ ತೇರೂ ಅದರ ಜೊತೆಗೇ ವಾಲುತ್ತವೆ, ವಿನ್ಯಾಸದ ಲೆಕ್ಕ ತಪ್ಪುವುದಿಲ್ಲ. ಗವಂತಿ ಹೊಲಿಗೆಯಲ್ಲಿ ಒಂದೇ ದಾರ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ, ಹಾಗಾಗಿ ಎರಡೂ ಮಗ್ಗುಲು ಒಂದೇ. ಮೇಲೊಂದು ಕೆಳಗೊಂದು ದಾರದ ಯಂತ್ರಕ್ಕೆ ಇದು ಒಲಿಯದು. ‘ಕಸೂತಿ’ ಎಂದು ಮಾರುವ ಸೀರೆಯ ಸೆರಗನ್ನು ತಿರುವಿ ನೋಡಿ. ಹಿಂಬದಿಯಲ್ಲಿ ಬಾಬಿನ್ನಿನ ದಾರ ಸಿಕ್ಕರೆ ಅದು ಯಂತ್ರದ ಕೆಲಸ.

ಕೌದಿಗೆ ಬಂದರೆ ಹೊಲಿಗೆಯಿಂದ ನಾವು ಬಯಸುವುದೇ ಬದಲಾಗುತ್ತದೆ. ಕೌದಿ ಬೆಚ್ಚಗಿರುವುದು ಬಟ್ಟೆಯಿಂದ ಎನ್ನುವುದಕ್ಕಿಂತ ಅದರಲ್ಲಿ ಸಿಕ್ಕಿಕೊಂಡ ಗಾಳಿಯಿಂದ ಎನ್ನುವುದು ಸರಿ. ಅಲುಗಾಡದ ಗಾಳಿಯ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 0.026 ವ್ಯಾಟ್, ನೀರಿನದು 0.6, ಅಂದರೆ ಇಪ್ಪತ್ತು ಪಟ್ಟಿಗೂ ಹೆಚ್ಚು. ಮಳೆಗಾಲದಲ್ಲಿ ತೇವ ಹಿಡಿದ ಕೌದಿ ಹೊದ್ದವರಿಗೆ ಈ ಅಂಕಿ ಮೈಗೇ ಗೊತ್ತು. ಆದರೆ ಗಾಳಿ ಸುಮ್ಮನಿರಬೇಕು. ಎಡೆ ದೊಡ್ಡದಾದರೆ ಬಿಸಿಗಾಳಿ ಮೇಲೇರಿ ತಣ್ಣನೆಯದು ಕೆಳಗಿಳಿದು ಸುತ್ತತೊಡಗುತ್ತದೆ. ನಾರುಗಳ ಕೆಲಸ ಆ ಓಡಾಟವನ್ನು ತಡೆಯುವುದು.

ಹಾಗಾಗಿ ಹೊಲಿಗೆಯ ಸಾಲು ಇಲ್ಲಿ ಬೇಕಾದ ಶತ್ರು. ಹೊಲಿದಲ್ಲೆಲ್ಲ ಪದರಗಳು ಒತ್ತಿಕೊಂಡು ಗಾಳಿ ಹೊರಹೋಗಿ, ಶಾಖ ಸೋರುವ ಗೆರೆಯಾಗುತ್ತದೆ. ಹೊಲಿಯದಿದ್ದರೆ ಒಳಗಿನ ಹತ್ತಿ ಅಥವಾ ವ್ಯಾಡಿಂಗ್ ಎಂಬ ಮೆತ್ತನೆಯ ನಾರಿನ ಪದರ ಜಾರಿ ಒಂದು ಮೂಲೆಯಲ್ಲಿ ಗಡ್ಡೆಕಟ್ಟುತ್ತದೆ. ಸಾಲುಗಳ ನಡುವೆ ಹೆಚ್ಚೆಂದರೆ ಎಷ್ಟು ಅಂತರವಿರಬಹುದೆಂದು ವ್ಯಾಡಿಂಗ್ ಪೊಟ್ಟಣದ ಮೇಲೆ ಬರೆದಿರುವುದು ಈ ರಾಜಿಯ ಲೆಕ್ಕ. ನಮ್ಮ ಉತ್ತರ ಕರ್ನಾಟಕದ ಕೌದಿ ಈ ಗೋಜಿಗೇ ಹೋಗಿಲ್ಲ. ಒಳಗೆ ಬಿಡಿ ಹತ್ತಿಯ ಬದಲು ಹಳೆಯ ಸೀರೆ, ಧೋತರಗಳ ಪದರ. ಮೇಲೆ ಒತ್ತೊತ್ತಾದ ಕೈಹೊಲಿಗೆ. ತೂಕದ ಲೆಕ್ಕದಲ್ಲಿ ನೋಡಿದರೆ ವ್ಯಾಡಿಂಗ್ ತುಂಬಿದ ಹೊದಿಕೆಯೇ ಹೆಚ್ಚು ಬೆಚ್ಚಗೆ, ಒಪ್ಪಬೇಕು. ಕೌದಿ ಗೆಲ್ಲುವುದು ಬಾಳಿಕೆಯಲ್ಲಿ. ಒತ್ತಾದ ಹೊಲಿಗೆ ಒಂದು ಕಡೆ ಬಿದ್ದ ಎಳೆತವನ್ನು ಅಕ್ಕಪಕ್ಕದ ಪದರಗಳಿಗೆಲ್ಲ ಹಂಚುವುದರಿಂದ, ಉಡಲಾಗದಷ್ಟು ಜೀರ್ಣವಾದ ಸೀರೆಯೂ ಅದರೊಳಗೆ ವರ್ಷಗಟ್ಟಲೆ ಬಾಳುತ್ತದೆ. ಮಗ್ಗದ ಬಿಗಿತದಿಂದ ಹಿಗ್ಗಿದ್ದ ಎಳೆಗಳು ಹತ್ತಾರು ಒಗೆತದಲ್ಲಿ ಕುಗ್ಗುವಷ್ಟು ಕುಗ್ಗಿಯೂ ಆಗಿರುತ್ತವೆ. ಹೊಸ ಹತ್ತಿ ಬಟ್ಟೆ ಹಾಗಲ್ಲ. ಒಗೆಯದೆ ಹೊಲಿದರೆ ಪದರಕ್ಕೊಂದು ಲೆಕ್ಕದಲ್ಲಿ ಕುಗ್ಗಿ ಸುಕ್ಕೇಳುತ್ತದೆ. ಆ ಸುಕ್ಕೇ ಚೆಂದವೆಂದು ಬೇಕೆಂದೇ ಹಾಗೆ ಮಾಡುವವರೂ ಇದ್ದಾರೆ, ಅದು ಅವರವರ ರುಚಿ.

ಯಂತ್ರದಲ್ಲಿ ಕೌದಿ ಹೊಲಿಯುವವರ ತಲೆನೋವು ಬೇರೆ. ಕೆಳಗಿನ ಹಲ್ಲು ಅಡಿಯ ಪದರವನ್ನು ಮುಂದೆ ಎಳೆದರೆ ಮೇಲಿನ ಪಾದ ಘರ್ಷಣೆಯಿಂದ ಮೇಲ್ಪದರವನ್ನು ಹಿಂದಕ್ಕೆ ತಡೆಯುತ್ತದೆ. ಸಾಲಿನ ಕೊನೆ ಮುಟ್ಟುವಾಗ ಮೇಲೆ ಬಟ್ಟೆ ಮಿಕ್ಕು ಮಡಿಕೆ ಬೀಳುತ್ತದೆ. ತಾನೂ ಹಲ್ಲಿಟ್ಟುಕೊಂಡು ಹೆಜ್ಜೆ ಹಾಕುವ ‘ವಾಕಿಂಗ್ ಫುಟ್’ ಅದಕ್ಕೆ ಮದ್ದು. ಜೊತೆಗೆ, ನಡುವಿನಿಂದ ಹೊಲಿಯಲಾರಂಭಿಸಿ ಮಿಕ್ಕ ಬಟ್ಟೆಯನ್ನು ಅಂಚಿಗೆ ತಳ್ಳುತ್ತ ಹೋಗುತ್ತಾರೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಎಂಬ ಕೌದಿ ಮಾತ್ರ ಅಂಚಿನಿಂದ ಸುತ್ತುತ್ತ ಒಳಕ್ಕೆ ಬರುತ್ತದೆ. ಅದು ಅಲ್ಲಿ ನಡೆಯುತ್ತದೆ, ಏಕೆಂದರೆ ಮೇಲಿನ ತುಂಡುಗಳು ಮೊದಲೇ ಜೋಡಿಸಿದವಲ್ಲ. ಹೊಲಿಯುತ್ತಲೇ ಒಂದೊಂದಾಗಿ ಸೇರಿಸುವುದರಿಂದ ಸರಿದ ಬಟ್ಟೆಗೆ ತಕ್ಕಂತೆ ಮುಂದಿನ ತುಂಡನ್ನು ಕೂರಿಸಬಹುದು.

ಎಂಬ್ರಾಯ್ಡರಿ, ಕೌದಿ ಎರಡನ್ನೂ ಒಂದೇ ಹೊದಿಕೆಯಲ್ಲಿ ಕೂಡಿಸುವ ಆಸೆಯಿದ್ದರೆ, ಒತ್ತಾದ ಎಂಬ್ರಾಯ್ಡರಿಯನ್ನು ಪದರ ಸೇರಿಸುವ ಮೊದಲೇ ಮೇಲಿನ ಬಟ್ಟೆಗೆ ಹಾಕಿಬಿಡುವುದು ಒಳ್ಳೆಯದು. ಎಲ್ಲ ಪದರಗಳ ಮೂಲಕ 0.4 ಮಿಲಿಮೀಟರ್ ಅಂತರದಲ್ಲಿ ಹೊಲಿದರೆ ಆ ಜಾಗ ಗಾಳಿಯೇ ಇಲ್ಲದ ರಟ್ಟಾಗುತ್ತದೆ. ಪದರ ಸೇರಿಸಿದ ಮೇಲೆಯೇ ಹಾಕಬೇಕೆಂದರೆ ತುಂಬು ಹೂವು ಬಿಟ್ಟು ಬರೀ ಗೆರೆಯ ಚಿತ್ರ ಆರಿಸಿ. ಅದೇ ಗೆರೆ ಕೌದಿಯ ಹೊಲಿಗೆಯ ಕೆಲಸವನ್ನೂ ಮಾಡುತ್ತದೆ.