ಶಾಲೆ ತೆರೆಯಿತು, ನರ್ಸನ್ನು ಯಾರೂ ಕೇಳಲಿಲ್ಲ

2021ರ ಜನವರಿ 1ರಂದು ಕರ್ನಾಟಕದಲ್ಲಿ ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಮಕ್ಕಳಿಗೆ ಕೋವಿಡ್‌ನಿಂದ ಮುಚ್ಚಿದ್ದ ಶಾಲೆ, ಕಾಲೇಜಿನ ಬಾಗಿಲು ತೆರೆಯಿತು. ಆರೋಗ್ಯ ಸಿಬ್ಬಂದಿಗೆ ಕೋವಿಡ್ ಲಸಿಕೆ ಹಾಕಲು ಶುರು ಮಾಡಿದ್ದು ಜನವರಿ 16ರಂದು. ಅದೂ ಮೊದಲ ಡೋಸ್. ಎರಡನೆಯದಕ್ಕೆ ಮತ್ತೆ ನಾಲ್ಕು ವಾರ ಕಾಯಬೇಕಿತ್ತು. ಅಂದರೆ ಶಾಲೆ ತೆರೆದ ದಿನ ಮಕ್ಕಳ ಆರೋಗ್ಯ ನೋಡಬೇಕಾದ ನರ್ಸ್‌ಗೆ ಒಂದೂ ಸೂಜಿ ಬಿದ್ದಿರಲಿಲ್ಲ.

ಶಾಲೆ ತೆರೆಯಬೇಕೋ ಬೇಡವೋ ಅಂತ ಆಗ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಪಾಲಕರು ಮಾತಾಡಿದರು, ಶಿಕ್ಷಕರು ಮಾತಾಡಿದರು, ಖಾಸಗಿ ಶಾಲೆಗಳ ಆಡಳಿತ ಮಂಡಳಿಯವರು, ತಜ್ಞರು ಎಲ್ಲರೂ ಮಾತಾಡಿದರು. ನರ್ಸ್‌ಗಳ ಅಂಜಿಕೆ ಏನು ಅನ್ನೋದು ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಇದಕ್ಕೆ ಕಾರಣ ಸರಳ. ನಮ್ಮ ಸಾಮಾನ್ಯ ಸರ್ಕಾರಿ ಶಾಲೆಯಲ್ಲಿ ನರ್ಸ್ ಅನ್ನೋ ಹುದ್ದೆಯೇ ಇಲ್ಲ. ಇಲ್ಲದವರನ್ನು ಕೇಳೋದು ಹೇಗೆ, ಅಲ್ವಾ?

ಹಾಗಂತ ಶಾಲೆಯ ನರ್ಸ್ ಯಾರೂ ಇಲ್ಲ ಅಂತಲ್ಲ. ನಮ್ಮ ಕಡೆಯ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಇವರು ಎರಡು ಬಗೆಯವರು. ಮೊದಲನೆಯವರು ವಸತಿ ಶಾಲೆಯವರು. ಚಿಕ್ಕೋಡಿ ತಾಲೂಕಿನ ಕೊಥಳಿ ಇರಲಿ, ಆಲಮಟ್ಟಿ ಇರಲಿ, ನವೋದಯ ಶಾಲೆಗೆ ಸ್ಟಾಫ್ ನರ್ಸ್ ಇರುತ್ತಾರೆ. ವಿಜಯಪುರದಲ್ಲಿ 1963ರಿಂದ ಇರುವ ಸೈನಿಕ ಶಾಲೆಯಂಥ ಕಡೆ ಮಕ್ಕಳನ್ನು ಮಲಗಿಸಿ ನೋಡಿಕೊಳ್ಳುವ ವ್ಯವಸ್ಥೆಯೂ ಇದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲೂ ನರ್ಸ್ ಹುದ್ದೆ ಉಂಟು.

ಎರಡನೆಯವರೇ ಜಾಸ್ತಿ ಮಕ್ಕಳನ್ನು ನೋಡುವವರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ, ಅಂದರೆ ಆರ್‌ಬಿಎಸ್‌ಕೆಯ, ಸಂಚಾರಿ ತಂಡದ ನರ್ಸ್‌ಗಳು. ಒಂದು ಗಾಡಿಯಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್. ತಾಲೂಕಿಗೆ ಇಂಥ ಎರಡೋ ಮೂರೋ ತಂಡ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಬೇಕು ಅನ್ನೋದು ನಿಯಮ. ಇಂದು ತಾಲೂಕು ಊರಿನ ಶಾಲೆ, ನಾಳೆ ಲಂಬಾಣಿ ತಾಂಡಾದ ಶಾಲೆ, ನಾಡಿದ್ದು ತೋಟದ ಮನೆಗಳ ನಡುವಿನ ಕಿರಿಯ ಪ್ರಾಥಮಿಕ ಶಾಲೆ. ಎಲ್ಲ ಶಾಲೆಯೂ ಅವರದೇ, ಯಾವ ಶಾಲೆಯೂ ಅವರದಲ್ಲ.

ಶಾಲೆಗೊಬ್ಬ ನರ್ಸ್ ಅನ್ನೋ ವಿಚಾರ ಹುಟ್ಟಿದ್ದು ಲಂಡನ್ನಿನಲ್ಲಿ, 1890ರ ದಶಕದಲ್ಲಿ. ಅದು ಗಟ್ಟಿಯಾಗಿ ಬೇರೂರಿದ್ದು ನ್ಯೂಯಾರ್ಕ್‌ನಲ್ಲಿ. ಅಲ್ಲಿ ವೈದ್ಯರು ಶಾಲೆಗೆ ಬರುತ್ತಿದ್ದರು. ಕಣ್ಣುಬೇನೆ, ಹುಳುಕಡ್ಡಿ, ತಲೆಹೇನು ಕಂಡರೆ ಮಗುವನ್ನು ಮನೆಗೆ ಕಳಿಸುತ್ತಿದ್ದರು, ಅಷ್ಟೇ. ಮನೆಯಲ್ಲಿ ಔಷಧ ಹಾಕುವವರಿಲ್ಲ. ಹಾಗಾಗಿ ಮಗು ವಾರಗಟ್ಟಲೆ ಬೀದಿಯಲ್ಲೇ ಆಡಿಕೊಂಡು ಇರುತ್ತಿತ್ತು. 1902ರ ಅಕ್ಟೋಬರಿನಲ್ಲಿ, ಬಡವರ ಕೇರಿಯಲ್ಲಿ ಸೇವೆ ಮಾಡುತ್ತಿದ್ದ ನರ್ಸ್ ಲಿಲಿಯನ್ ವಾಲ್ಡ್ ಅವರ ಒತ್ತಾಯದಿಂದ ಲೀನಾ ರಾಜರ್ಸ್ ಎಂಬ ನರ್ಸನ್ನು ನಾಲ್ಕು ಶಾಲೆಗಳಿಗೆ ಪ್ರಯೋಗಕ್ಕೆ ಕಳಿಸಿದರು. ಆಕೆ ಶಾಲೆಯಲ್ಲೇ ಔಷಧ ಹಚ್ಚಿದರು, ಮನೆಗೂ ಹೋಗಿ ತಾಯಂದಿರಿಗೆ ತಿಳಿಸಿ ಹೇಳಿದರು. ಮಕ್ಕಳ ಗೈರುಹಾಜರಿ ಎಷ್ಟು ಬೇಗ ಇಳಿಯಿತೆಂದರೆ ನಗರಸಭೆಯೇ ಮುಂದೆ ಬಂದು ಇನ್ನಷ್ಟು ನರ್ಸ್‌ಗಳನ್ನು ನೇಮಿಸಿತು.

ಇದರ ಫಲ ಕಂಡದ್ದು 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ. ಅಮೆರಿಕದ ಬಹುತೇಕ ಊರುಗಳು ಶಾಲೆ ಮುಚ್ಚಿದವು. ನ್ಯೂಯಾರ್ಕ್ ಮುಚ್ಚಲಿಲ್ಲ. ಅಲ್ಲಿನ ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲೆಂಡ್ ಅವರ ವಾದ ಹೀಗಿತ್ತು: ಬಡವರ ಮಕ್ಕಳು ಇಕ್ಕಟ್ಟಿನ ಮನೆಯಲ್ಲಿ ಇರೋದಕ್ಕಿಂತ ಗಾಳಿ ಬೆಳಕಿನ ಶಾಲೆಯಲ್ಲಿ ಇರಲಿ, ಅಲ್ಲಿ ದಿನಾ ನೋಡಲು ವೈದ್ಯರು, ನರ್ಸ್‌ಗಳು ಇದ್ದಾರೆ. ಆ ನಿರ್ಧಾರ ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ಇದೆ. ನನಗೆ ಮುಖ್ಯ ಅನಿಸೋದು ಬೇರೆ. ನರ್ಸ್ ಇದ್ದಾರೆ, ಆದ್ದರಿಂದ ಶಾಲೆ ತೆರೆದಿಡಬಹುದು ಅಂತ ಒಂದು ಊರು ನೂರು ವರ್ಷದ ಹಿಂದೆಯೇ ಹೇಳಿತು. ನಾವು 2021ರಲ್ಲಿ ಶಾಲೆ ತೆರೆಯುವಾಗ ನರ್ಸ್ ಪ್ರಶ್ನೆಯೇ ಏಳಲಿಲ್ಲ.

ನಮ್ಮ ಕಡೆ ಚರಿತ್ರೆ ಬೇರೆ ದಾರಿ ಹಿಡಿಯಿತು. 1890ರ ದಶಕದ ಕೊನೆಯಲ್ಲಿ ಮುಂಬೈ ಪ್ರಾಂತ್ಯಕ್ಕೆ ಬಂದ ಪ್ಲೇಗ್ ಬೆಳಗಾವಿಯನ್ನೂ ಬಿಡಲಿಲ್ಲ. 1904ರಲ್ಲಿ ಬೆಳಗಾವಿಯಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಸಂಸ್ಥೆ ಶುರುವಾಯಿತು. ಟಿಳಕವಾಡಿಯ ಆ ಜಾಗಕ್ಕೆ ಜನ ಈಗಲೂ ವ್ಯಾಕ್ಸಿನ್ ಡಿಪೋ ಅಂತಲೇ ಕರೆಯುತ್ತಾರೆ. ಅಂದರೆ ಲಸಿಕೆ ತಯಾರಿಸೋದು ನಮಗೆ ಅಷ್ಟು ಹಿಂದೆಯೇ ಗೊತ್ತಿತ್ತು. ಆದರೆ ಅದನ್ನು ಹಾಕುವವರು ಊರಿಗೆ ಬರುತ್ತಿದ್ದರು, ಹಾಕಿ ಹೋಗುತ್ತಿದ್ದರು. ಶಾಲೆಯಲ್ಲಿ ಯಾರೂ ಉಳಿಯಲಿಲ್ಲ.

ದೇಶದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡಾದಲ್ಲಿ. ದೇಶದ ಆರೋಗ್ಯ ಸೇವೆ ಹೇಗಿದೆ ಅಂತ ನೋಡಲು ನೇಮಿಸಿದ್ದ ಭೋರ್ ಸಮಿತಿ 1946ರಲ್ಲಿ, ಶಾಲಾ ಆರೋಗ್ಯ ಸೇವೆ ಅನ್ನೋದು ಭಾರತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂದು ಬರೆಯಿತು. 1960ರಲ್ಲಿ ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ ಶಾಲಾ ಆರೋಗ್ಯಕ್ಕೆಂದೇ ಇನ್ನೊಂದು ಸಮಿತಿ ಬಂತು, ಮರುವರ್ಷ ವರದಿ ಕೊಟ್ಟಿತು. ವರದಿಗಳಿಗೇನೂ ಬರಗಾಲ ಇರಲಿಲ್ಲ. 2013ರಲ್ಲಿ ಆರ್‌ಬಿಎಸ್‌ಕೆ ಬಂದಾಗ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಒಂದೇ ಯೋಜನೆಯ ಕೆಳಗೆ ಬಂದರು. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ ಶುರು ಮಾಡಿತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಟ್ಟು ಅವರನ್ನೇ ಆರೋಗ್ಯದ ರಾಯಭಾರಿ ಮಾಡುವುದು ಅದರ ಲೆಕ್ಕ. ಜನಗಣತಿ, ಚುನಾವಣೆ, ಬಿಸಿಯೂಟ ಎಲ್ಲ ಹೊತ್ತ ಮಾಸ್ತರರ ತಲೆಯ ಮೇಲೆ ಇದೂ ಒಂದು. ಮುಂದಿನ ತಿಂಗಳೇ ಕೋವಿಡ್ ಬಂತು.

ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಆರ್‌ಬಿಎಸ್‌ಕೆ ಗಾಡಿ ಮಾತ್ರ ನಿಲ್ಲಲಿಲ್ಲ, ದಿಕ್ಕು ಬದಲಿಸಿತು. ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಎಷ್ಟೋ ಜನ ದುಡಿಯಲು ಮಹಾರಾಷ್ಟ್ರ, ಗೋವಾಕ್ಕೆ ಹೋಗುತ್ತಾರೆ. ಆ ಮೇ ತಿಂಗಳಲ್ಲಿ ಅವರೆಲ್ಲ ಒಟ್ಟಿಗೆ ಊರಿಗೆ ಮರಳಿದರು. ನಿಪ್ಪಾಣಿ ಹತ್ತಿರದ ಕೊಗನೊಳ್ಳಿ, ಸೊಲ್ಲಾಪುರ ದಾರಿಯ ಧೂಳಖೇಡ, ಈ ಚೆಕ್‌ಪೋಸ್ಟ್‌ಗಳ ಹೆಸರು ದಿನಾ ಸುದ್ದಿಯಲ್ಲಿ. ಮಕ್ಕಳ ತೂಕ ನೋಡುತ್ತಿದ್ದ ತಂಡಗಳು ಜ್ವರ ನೋಡುವ, ಗಂಟಲ ದ್ರವ ತೆಗೆಯುವ, ಕ್ವಾರಂಟೈನ್‌ನಲ್ಲಿ ಇದ್ದವರನ್ನು ವಿಚಾರಿಸುವ ಕೆಲಸಕ್ಕೆ ಹೋದವು. ಕ್ವಾರಂಟೈನ್ ಕೇಂದ್ರ ಆದದ್ದೂ ಬಹಳ ಕಡೆ ವಸತಿ ಶಾಲೆ, ಹಾಸ್ಟೆಲ್‌ಗಳೇ. ಹಾಗಾಗಿ ವಸತಿ ಶಾಲೆಯ ನರ್ಸ್ ಮತ್ತೆ ಅಲ್ಲಿಗೇ ಕೆಲಸಕ್ಕೆ ಬಂದಾಗ ಮೊದಲ ಪ್ರಶ್ನೆ ತೀರಾ ಸಾದಾ: ಈ ಮಂಚ, ಈ ಹಾಸಿಗೆ, ಈ ಬಚ್ಚಲು ಯಾರು ತೊಳೆದರು, ಹೇಗೆ ತೊಳೆದರು?

ಆ ವರ್ಷ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಜಾಸ್ತಿ ಮಕ್ಕಳು ಬರೆದರು. ಕೇಂದ್ರದ ಗೇಟಿನಲ್ಲೇ ಥರ್ಮಲ್ ಸ್ಕ್ಯಾನರ್ ಹಿಡಿದು ನಿಂತದ್ದು ಆರೋಗ್ಯ ಸಿಬ್ಬಂದಿ. ಅದು ಗಟ್ಟಿ ಕೆಲಸವೇ, ಆದರೆ ದೂರದಿಂದ ಮಾಡುವ ಕೆಲಸ. ನಿಜವಾದ ಶಾಲಾ ತಪಾಸಣೆ ಹಾಗಲ್ಲ.

ತಪಾಸಣೆ ಹೇಗೆ ನಡೆಯುತ್ತದೆ ನೋಡಿ. ಗಾಡಿ ಬಂತೆಂದರೆ ಒಂದು ಕೋಣೆ ಇಲ್ಲವೇ ಬೇವಿನ ಗಿಡದ ನೆರಳು. ತೂಕದ ಯಂತ್ರ, ಎತ್ತರ ಅಳೆಯುವ ಪಟ್ಟಿ, ಗೋಡೆಗೆ ಕಣ್ಣಿನ ಚಾರ್ಟ್. ಮಕ್ಕಳು ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಸಾಲು ನಿಲ್ಲುತ್ತಾರೆ. ಕೆಳಗಿನ ರೆಪ್ಪೆ ಎಳೆದು ರಕ್ತಹೀನತೆ ನೋಡಬೇಕು. ಬಾಯಿ ತೆರೆಸಿ ಟಾರ್ಚ್ ಬಿಟ್ಟು ಹಲ್ಲು, ಗಂಟಲು ನೋಡಬೇಕು. ಕಿವಿ ಸೋರುತ್ತಿದೆಯಾ, ಮೈಮೇಲೆ ಬಿಳಿ ಮಚ್ಚೆ ಇದೆಯಾ, ಎದೆಯ ಬಡಿತದಲ್ಲಿ ಏನಾದರೂ ಬೇರೆ ಸದ್ದು ಇದೆಯಾ. ಇದರಲ್ಲಿ ಒಂದನ್ನಾದರೂ ಆರಡಿ ದೂರದಿಂದ ಮಾಡಲು ಸಾಧ್ಯವಾ? ಮಾಸ್ಕ್ ತೆಗೆಸದೆ ಹಲ್ಲು ನೋಡಲು ಬರುತ್ತದಾ? ಶಿಕ್ಷಕರು ಹಲಗೆಯ ಹತ್ತಿರ ನಿಂತು ಪಾಠ ಮಾಡಬಹುದು. ನರ್ಸ್ ಮಗುವಿನ ಉಸಿರು ತಾಗುವಷ್ಟು ಹತ್ತಿರ ಇರಲೇಬೇಕು.

ಇದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದಿದೆ, ಅದು ತನಗೆ ಬರುವುದರ ಬಗ್ಗೆ ಅಲ್ಲ. ನಿನ್ನೆ ದವಾಖಾನೆಯಲ್ಲಿ ಕೋವಿಡ್ ಕೆಲಸ, ಇಂದು ಒಂದು ಊರಿನ ಶಾಲೆ, ನಾಳೆ ಮತ್ತೊಂದು. ಸೋಂಕು ಇದ್ದೂ ಲಕ್ಷಣ ಕಾಣದಿದ್ದರೆ ವಾರದೊಳಗೆ ಎಷ್ಟು ಊರಿಗೆ ಹಂಚಿದಂತಾಯಿತು? ಆಮೇಲೆ ಹಳ್ಳಿಯಲ್ಲಿ ಏನು ಮಾತು ಬರುತ್ತದೆ ಅಂತ ಹೇಳಬೇಕಿಲ್ಲ. ನರ್ಸಬಾಯಿ ಬಂದು ಹೋದ ಮೇಲೇ ಜ್ವರ ಬಂತು ಅಂತಾರೆ. 2020ರ ಆಗಸ್ಟ್‌ನಲ್ಲಿ ಶುರುವಾಗಿ ಓಣಿಯಲ್ಲಿ, ಗುಡಿಯ ಕಟ್ಟೆಯಲ್ಲಿ ಪಾಠ ನಡೆಸಿದ ವಿದ್ಯಾಗಮವನ್ನು ಅಕ್ಟೋಬರಿನಲ್ಲಿ ನಿಲ್ಲಿಸಿದ್ದೂ ಸೋಂಕಿನ ಸುದ್ದಿ ಬಂದ ಮೇಲೆಯೇ. ಹಾಗಾಗಿ ಇದು ಸುಮ್ನೆ ಕಲ್ಪಿಸಿಕೊಂಡ ಭಯ ಅಲ್ಲ.

ಮೇಲಾಗಿ ಇವರಲ್ಲಿ ಹೆಚ್ಚಿನವರು ಗುತ್ತಿಗೆಯವರು. ಕೇಂದ್ರ ಸರ್ಕಾರ 2020ರ ಮಾರ್ಚ್ ಕೊನೆಗೆ ಪ್ರಕಟಿಸಿದ 50 ಲಕ್ಷ ರೂಪಾಯಿಯ ವಿಮೆ ಗುತ್ತಿಗೆ ಸಿಬ್ಬಂದಿಗೂ ಅನ್ವಯಿಸಿತ್ತು, ನಿಜ. ಆದರೆ ಅದು ಸತ್ತರೆ ಬರುವ ಹಣ. ಬದುಕಿರುವಾಗ ಬರುವ ಸಂಬಳದ ಪ್ರಶ್ನೆ ಹಾಗೇ ಉಳಿಯಿತು. ಜುಲೈನಲ್ಲಿ ಆಶಾ ಕಾರ್ಯಕರ್ತೆಯರು 12,000 ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೇಳಿ ಕೆಲಸ ನಿಲ್ಲಿಸಿದರು. ಸೆಪ್ಟೆಂಬರಿನಲ್ಲಿ ಆರೋಗ್ಯ ಇಲಾಖೆಯ ಗುತ್ತಿಗೆ ನೌಕರರು ಮುಷ್ಕರಕ್ಕಿಳಿದರು. ಸಮಾನ ಕೆಲಸಕ್ಕೆ ಸಮಾನ ವೇತನ, ಕೆಲಸದ ಭದ್ರತೆ ಅವರ ಬೇಡಿಕೆ. ಶಾಲೆಗೆ ಮರಳುವ ಅಂಜಿಕೆಯನ್ನು ಈ ಜಗಳದಿಂದ ಬೇರೆ ಮಾಡಿ ನೋಡಿದರೆ ಅರ್ಥವಾಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಒಂದು ಒಳ್ಳೆಯ ಮಾಸ್ಕ್ ಕೇಳಲೂ ಗುತ್ತಿಗೆ ನವೀಕರಣದ ತಾರೀಖು ನೆನಪಾಗುವ ಪರಿಸ್ಥಿತಿ ಅದು.

ಹೋಗದೇ ಇದ್ದರೂ ಚಿಂತೆ ತಪ್ಪಿದ್ದಲ್ಲ. ಶಾಲೆ ಮುಚ್ಚಿದಾಗ ಸೋಮವಾರದ ನೀಲಿ ಕಬ್ಬಿಣದ ಗುಳಿಗೆ ತಪ್ಪಿತು, ಬಿಸಿಯೂಟದ ಬದಲು ಮನೆಗೆ ರೇಷನ್ ಹೋಯಿತು. ಹಿಂದಿನ ತಪಾಸಣೆಯಲ್ಲಿ ಹೃದಯದ ತೊಂದರೆ ಇದೆ ಅಂತ ಗುರುತಿಸಿ ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟ ಮಗು ಅಲ್ಲಿಗೆ ಹೋಯಿತೋ ಇಲ್ಲವೋ? ಅದರ ಅಪ್ಪ ಅವ್ವ ಈಗ ಯಾವ ಊರಿನಲ್ಲಿ ಕಬ್ಬು ಕಡಿಯುತ್ತಿದ್ದಾರೆ?

2021ರ ಎರಡನೇ ಅಲೆ ಮತ್ತೆ ಎಲ್ಲವನ್ನೂ ಮುಚ್ಚಿಸಿತು. ಆಗಸ್ಟ್ 23ರಿಂದ ಒಂದೊಂದೇ ತರಗತಿ ತೆರೆದು, ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ತರಗತಿಯ ಮಕ್ಕಳೂ ಬಂದರು. ಅಷ್ಟೊತ್ತಿಗೆ ಎರಡೂ ಡೋಸ್ ಹಾಕಿಸಿಕೊಳ್ಳುವ ಅವಕಾಶ ನರ್ಸ್‌ಗಳಿಗೆ ಸಿಕ್ಕಿತ್ತು, ಅದೊಂದು ಸಮಾಧಾನ. 2022ರ ಜನವರಿ 3ರಿಂದ 15 ದಾಟಿದ ಮಕ್ಕಳಿಗೆ ಕೊವ್ಯಾಕ್ಸಿನ್ ಶುರುವಾಯಿತು. ಆರೋಗ್ಯ ಸಿಬ್ಬಂದಿ ಶಾಲೆ, ಕಾಲೇಜುಗಳಿಗೇ ಹೋಗಿ ಹಾಕಿದರು. ಒಳ್ಳೆಯ ಕೆಲಸವೇ, ಆದರೆ ಕಣ್ಣು, ಕಿವಿ, ಹಲ್ಲು ನೋಡುವ ಕೆಲಸ ಮತ್ತೆ ಹಿಂದೆ ಸರಿಯಿತು.

2022ರ ಮೇ 16ರಂದು ಹೊಸ ಶೈಕ್ಷಣಿಕ ವರ್ಷ ಶುರುವಾದಾಗ ತಪ್ಪಿದ ಪಾಠ ತುಂಬಿಸಲು ಕಲಿಕಾ ಚೇತರಿಕೆ ಅನ್ನೋ ಕಾರ್ಯಕ್ರಮ ಬಂತು. ಲಾಕ್‌ಡೌನ್‌ಗೆ ಮೊದಲು ನಾಲ್ಕನೇ ತರಗತಿಯಲ್ಲಿದ್ದ ಮಗು ಆಗ ಏಳನೇ ತರಗತಿ. ಅದರ ಕಣ್ಣಿಗೆ ಹಲಗೆ ಮಸುಕಾಗಿ ಕಾಣುತ್ತಿದ್ದರೆ ಅಷ್ಟು ದಿನ ಯಾರಿಗೂ ಗೊತ್ತಾಗಿರದೇ ಇರಬಹುದು. ಆರ್‌ಬಿಎಸ್‌ಕೆ ನಿಯಮ ಹಳೆಯದೇ ಇತ್ತು: ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ.