ಕಿನೋವಾ ಕೋಸಂಬರಿ: ನೀರಿನ ಲೆಕ್ಕ ಹಿಡಿದು ಬರೆದ ಟಿಪ್ಪಣಿ

ಚಿಕ್ಕಮಗಳೂರಿನ ಹೋಮ್‌ಸ್ಟೇ ಅಡುಗೆಮನೆಗಳಲ್ಲಿ ಕೆಲಸ ಕಲಿಯುತ್ತಿರುವ ನಮ್ಮಂಥವರಿಗೆ ಅಕ್ಕಿರೊಟ್ಟಿ, ಕಡುಬು ಕೈಗೆ ಹತ್ತಿದಷ್ಟು ಬೇಗ ಕಿನೋವಾ ಹತ್ತುವುದಿಲ್ಲ. ಅದನ್ನು ಅಕ್ಕಿಯ ಬದಲಿಯೆಂದು ಭಾವಿಸುವುದೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ. ಒಣಹಣ್ಣು, ಗೋಡಂಬಿ, ಬಾದಾಮಿ ಬೆರೆಸಿ ಮಾಡುವ ಈ ತಿನಿಸಿಗೆ ಎಲೆಯಲ್ಲಿ ಸಲ್ಲುವುದು ಅನ್ನದ ಜಾಗವಲ್ಲ, ಕೋಸಂಬರಿಯ ಜಾಗ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕುವುದು ಸೌತೆಕಾಯಿ ನೀರು ಬಿಡಬಾರದೆಂದು. ಇಲ್ಲಿಯೂ ಕೊನೆಯವರೆಗೆ ಕಾಯಬೇಕಾದುದು ಅದೇ ನೀರಿನ ಲೆಕ್ಕವನ್ನು.

ಕಿನೋವಾ ಹುಲ್ಲಿನ ಜಾತಿಯ ಧಾನ್ಯವಲ್ಲ. ದಂಟು, ಪಾಲಕ್, ಬೀಟ್‌ರೂಟ್‌ಗಳ ಕುಟುಂಬಕ್ಕೆ ಸೇರಿದ ಗಿಡದ ಬೀಜ. ಇದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸೀಮೆ. ವಿಶ್ವಸಂಸ್ಥೆ 2013ನ್ನು ಅಂತರರಾಷ್ಟ್ರೀಯ ಕಿನೋವಾ ವರ್ಷವೆಂದು ಆಚರಿಸಿತ್ತು. 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 14 ಗ್ರಾಂ ಪ್ರೋಟೀನ್ ಇರುತ್ತದೆ, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಇರುವುದಿಲ್ಲ. ಅತಿಥಿಗಳು ಕೇಳುವುದೂ ಹೆಚ್ಚಾಗಿ ಇವೆರಡನ್ನೇ.

ಮೊದಲ ನೀರು ತೊಳೆಯುವ ನೀರು. ಕಾಳಿನ ಹೊರಪದರದಲ್ಲಿ ಸಪೋನಿನ್ ಎಂಬ ಕಹಿ ಪದಾರ್ಥವಿರುತ್ತದೆ. ಅಂಟುವಾಳಕಾಯಿಯನ್ನು ನೆನೆಸಿ ಉಜ್ಜಿದಾಗ ನೊರೆ ಬರುವುದೂ ಸಪೋನಿನ್‌ನಿಂದಲೇ ಆದ್ದರಿಂದ, ಕಿನೋವಾ ತೊಳೆದ ನೀರಿನಲ್ಲಿ ನೊರೆ ಕಂಡರೆ ಕಹಿ ಇನ್ನೂ ಉಳಿದಿದೆಯೆಂದೇ ತಿಳಿಯಬೇಕು. ಕಾಳು ಬಹಳ ಸಣ್ಣದಾಗಿರುವುದರಿಂದ ಸಾಮಾನ್ಯ ಜರಡಿಯಲ್ಲಿ ಜಾರಿಹೋಗುತ್ತದೆ. ತೆಳುವಾದ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ, ನಲ್ಲಿಯ ಕೆಳಗೆ ಹಿಡಿದು, ನೊರೆ ನಿಲ್ಲುವವರೆಗೆ ಹಿಸುಕುವುದು ನಾನು ಕಂಡುಕೊಂಡ ಸುಲಭ ದಾರಿ. ಪೊಟ್ಟಣದ ಮೇಲೆ 'ತೊಳೆದದ್ದು' ಎಂದು ಬರೆದಿದ್ದರೂ ಒಮ್ಮೆ ತೊಳೆಯುವುದು ಒಳ್ಳೆಯದು.

ಎರಡನೆಯದು ಬೇಯಿಸುವ ನೀರು. ನಾನು ಮೊದಲ ಸಲ ಅಭ್ಯಾಸಬಲದಿಂದ ಕುಕ್ಕರಿಗೆ ಹಾಕಿ, ಒಂದಕ್ಕೆ ಮೂರರಷ್ಟು ನೀರೆರೆದು, ಮೂರು ಸೀಟಿ ಕೂಗಿಸಿದೆ; ಮುಚ್ಚಳ ತೆಗೆದಾಗ ಒಳಗಿದ್ದುದು ಗಂಜಿ. ಸರಿಯಾದ ಕ್ರಮ ಹೀಗಿದೆ. ನೀರು ಬಸಿದ ಒಂದು ಕಪ್ ಕಿನೋವಾವನ್ನು ಒಂದು ಚಮಚ ತುಪ್ಪದಲ್ಲಿ, ಮೇಲಿನ ತೇವ ಆರಿ ಕಾಳು ಬಿಡಿಬಿಡಿಯಾಗುವವರೆಗೆ, ಮೂರು ನಿಮಿಷ ಹುರಿಯಬೇಕು. ಅನಂತರ ಒಂದೂಮುಕ್ಕಾಲು ಕಪ್ ನೀರು, ಬೇಕಾದಷ್ಟು ಉಪ್ಪು ಹಾಕಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ ಮುಚ್ಚಿಡಬೇಕು. ಸಾಮಾನ್ಯವಾಗಿ 15 ನಿಮಿಷ ಸಾಕು. ಆದರೆ ಸುಮಾರು 1,090 ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಇನ್ನೆರಡು ಮೂರು ನಿಮಿಷ ಹಿಡಿಯುತ್ತದೆ. ಗಡಿಯಾರಕ್ಕಿಂತ ಕಾಳನ್ನೇ ನಂಬುವುದು ಮೇಲು: ಬೆಂದ ಕಾಳು ಅರೆಪಾರದರ್ಶಕವಾಗಿ, ಅದರ ಅಂಚಿನಿಂದ ಬಿಳಿಯ ಮೊಳಕೆಯ ಎಳೆ ಸಣ್ಣ ಬಾಲದಂತೆ ಸುರುಳಿ ಬಿಚ್ಚಿಕೊಂಡಿರುತ್ತದೆ. ಒಲೆ ಆರಿಸಿದ ಮೇಲೆ ಮುಚ್ಚಳದ ಕೆಳಗೆ ಒಣಬಟ್ಟೆಯನ್ನು ಬಿಗಿದು ಹತ್ತು ನಿಮಿಷ ಬಿಟ್ಟರೆ, ಆವಿ ಹನಿಯಾಗಿ ಮತ್ತೆ ಕೆಳಗೆ ಬೀಳದೆ ಬಟ್ಟೆಗೆ ಇಂಗುತ್ತದೆ. ಆಮೇಲೆ ಚಿತ್ರಾನ್ನಕ್ಕೆ ಅನ್ನ ಹರವಿದಂತೆ ಅಗಲವಾದ ತಟ್ಟೆಗೆ ಹರವಬೇಕು.

ಒಣದ್ರಾಕ್ಷಿ, ಹೆಚ್ಚಿದ ಏಪ್ರಿಕಾಟ್‌ಗಳನ್ನು ಬೆರೆಸುವ ಹೊತ್ತು ಇದೇ, ಕಿನೋವಾ ಬಿಸಿಯಾಗಿರುವಾಗ. ಕಾಳಿನಲ್ಲಿ ಉಳಿದ ಆವಿಯನ್ನು ಹೀರಿ ಹಣ್ಣು ಮೆತ್ತಗಾಗುತ್ತದೆ, ಕಾಳು ಇನ್ನಷ್ಟು ಉದುರುದುರಾಗುತ್ತದೆ. ಬೇಯುವ ನೀರಿಗೇ ಹಾಕಿದರೆ ಸಕ್ಕರೆಯ ಅಂಶ ನೀರಿಗಿಳಿದು ಇಡೀ ಪಾತ್ರೆ ಸಿಹಿಯಾಗುತ್ತದೆ. ಖರ್ಜೂರ ರುಚಿಯೇ, ಆದರೆ ತುಂಡುಗಳು ಒಂದಕ್ಕೊಂದು ಅಂಟುವುದರಿಂದ ನಾನು ಬಳಸುವುದು ಕಡಿಮೆ. ಕಿನೋವಾ ಆರಿದ ಬಳಿಕ ಅರ್ಧ ನಿಂಬೆಹಣ್ಣಿನ ರಸ, ಕುಟ್ಟಿದ ಕಾಳುಮೆಣಸು, ಹೆಚ್ಚಿದ ಪುದೀನ ಸೇರಿಸಬೇಕು.

ಗೋಡಂಬಿ, ಸೀಳಿದ ಬಾದಾಮಿಗಳನ್ನು ಸಣ್ಣ ಉರಿಯಲ್ಲಿ ಹುರಿದು, ಹೊಂಬಣ್ಣ ಬರುವುದಕ್ಕೆ ತುಸು ಮೊದಲೇ ಬಾಣಲೆಯಿಂದ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಅದರ ಬಿಸಿಗೆ ಕಪ್ಪಾಗುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಹಪ್ಪಳವೇ ಅರ್ಧ ಗಂಟೆಯಲ್ಲಿ ಮೆತ್ತಗಾಗುವಾಗ ಹುರಿದ ಗೋಡಂಬಿಯ ಗತಿ ಹೇಳಬೇಕಿಲ್ಲ. ಕಿನೋವಾವನ್ನು ಬೆಳಗ್ಗೆಯೇ ಮಾಡಿ ಫ್ರಿಜ್‌ನಲ್ಲಿಡಬಹುದು, ಆದರೆ ಹುರಿದದ್ದು ಗಾಳಿಯಾಡದ ಡಬ್ಬಿಯಲ್ಲೇ ಇದ್ದು, ಎಲೆ ಹಾಕಿ ಜನ ಕುಳಿತ ಮೇಲೆ ಮೇಲಿಂದ ಉದುರಬೇಕು.