ಪುಡಿಯಾಗುವ ಮೊದಲೇ ತೊಗಟೆ ತೋರಿಸಿ

ಹುಬ್ಬಳ್ಳಿ-ಧಾರವಾಡದ ಸಣ್ಣ ಆಯುರ್ವೇದ ಔಷಧ ಘಟಕದವರು ನಮ್ಮ ಪ್ರಯೋಗಾಲಯಕ್ಕೆ ಪರೀಕ್ಷೆಗೆ ತರುವುದು ಹೆಚ್ಚಾಗಿ ಚೂರ್ಣವನ್ನೇ. 'ಸೀಸ, ಪಾದರಸ ನೋಡಿಬಿಡ್ರಿ ಸರ, ಅಷ್ಟ ಸಾಕು' ಎನ್ನುತ್ತಾರೆ. ಅದನ್ನು ನೋಡಲೇಬೇಕು. ಹತ್ತು ಲಕ್ಷ ಭಾಗದಲ್ಲಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಭಾಗ ಮೀರಬಾರದು. ಆದರೆ ಬೇರೆ ಯಾವುದೋ ಗಿಡದ ಪುಡಿಯೂ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಚೀಲದಲ್ಲಿರುವುದು ಯಾವ ಗಿಡ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ.

ಅಶೋಕಾರಿಷ್ಟ ಎಂಬ ಆಯುರ್ವೇದ ಔಷಧಕ್ಕೆ ಬೇಕಿರುವುದು ಪಶ್ಚಿಮ ಘಟ್ಟದ ಸೀತಾ ಅಶೋಕದ ತೊಗಟೆ. ಆ ಮರ ಕಾಡಿನಲ್ಲೇ ಅಪರೂಪವಾಗಿದೆ, ಬೇಡಿಕೆ ಮಾತ್ರ ಇಳಿದಿಲ್ಲ. ಹೀಗಾಗಿ ಶಾಲೆ, ಕಚೇರಿಗಳ ಕಾಂಪೌಂಡಿನಲ್ಲಿ ನೆಟ್ಟಗೆ ಬೆಳೆಯುವ ಕಂಬದ ಅಶೋಕದ ತೊಗಟೆ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಇವೆರಡೂ ಒಂದೇ ಕುಟುಂಬದ ಮರಗಳೂ ಅಲ್ಲ. ಇಡೀ ತೊಗಟೆ ಕೈಗೆ ಸಿಕ್ಕರೆ ಪಳಗಿದ ಕಣ್ಣಿಗೆ ಅರ್ಧ ಅನುಮಾನ ಅಲ್ಲೇ ಹುಟ್ಟುತ್ತದೆ. ಪುಡಿಯಾದ ಮೇಲೆ ಸೂಕ್ಷ್ಮದರ್ಶಕದಡಿ ಕೋಶಗಳ ಚೂರು ಹುಡುಕಬೇಕು. ಸಾರ ತೆಗೆದು, ಅದರಲ್ಲಿನ ಅಂಶಗಳನ್ನು ಬೇರೆಬೇರೆ ಪಟ್ಟಿಗಳಾಗಿ ಬಿಡಿಸುವ ಸಿಲಿಕಾ ಲೇಪದ ಫಲಕದ ಮೇಲೆ ಅಸಲಿ ಮಾದರಿಯ ಪಕ್ಕದಲ್ಲೇ ಓಡಿಸಿ, ನೇರಳಾತೀತ ದೀಪದಲ್ಲಿ ಎರಡರ ಪಟ್ಟಿಗಳನ್ನು ಹೋಲಿಸಬೇಕು. ಅಸಲಿ ಮಾದರಿಯೇ ಇಲ್ಲದಿದ್ದರೆ ಆ ಫಲಕದಿಂದ ಏನೂ ತಿಳಿಯದು.

ಅಶ್ವಗಂಧದ ಕಥೆ ಇನ್ನೂ ಸೂಕ್ಷ್ಮ. ಔಷಧಕ್ಕೆ ಹೇಳಿರುವುದು ಬೇರು. ಎಲೆ ಅಗ್ಗ. ಅಶ್ವಗಂಧದ ಮುಖ್ಯ ಔಷಧೀಯ ಅಂಶಗಳಾದ ವಿಥನೊಲೈಡ್‌ಗಳು ಎಲೆಯಲ್ಲೂ ಇರುವುದರಿಂದ ಅವುಗಳ ಒಟ್ಟು ಪ್ರಮಾಣವನ್ನಷ್ಟೇ ಅಳೆದರೆ ಎಲೆ ಬೆರೆಸಿದ ಪುಡಿಗೂ ಒಳ್ಳೆಯ ಅಂಕಿ ಬಂದೀತು. ಬೇರನ್ನೇ ಬಳಸಬೇಕು, ಎಲೆ ಸಲ್ಲದು ಎಂದು ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಸೂಚಿಸಿದ್ದು ಸರಿಯಾಗಿಯೇ ಇದೆ. ವರದಿಯಲ್ಲಿ ದೊಡ್ಡ ಅಂಕಿ ಕಂಡು ಹಿಗ್ಗುವವರಿಗೆ ನಾನು ಮೊದಲು ಹೇಳುವ ಮಾತೂ ಇದೇ.

ನಮ್ಮ ಎರೆಹೊಲದ ಬೇರಿಗೆ ಮಣ್ಣಿನ ಕಾಟವೂ ಉಂಟು. ಪುಡಿಯನ್ನು ಸುಟ್ಟು ಬೂದಿ ತೂಗುತ್ತೇವೆ. ಅಶ್ವಗಂಧದ ಬೇರಿನಲ್ಲಿ ಅದು ಶೇ 7 ಮೀರಬಾರದು. ಆ ಬೂದಿಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿದಾಗ ಕರಗದೆ ಉಳಿಯುವುದು ಬಹುಪಾಲು ಮಣ್ಣು, ಮರಳು. ಯಂತ್ರಕ್ಕೆ ಲಕ್ಷಗಟ್ಟಲೆ ಸುರಿಯಲಾಗದ ಘಟಕವೂ ಒಂದು ಕುಲುಮೆ, ಒಂದು ಒಳ್ಳೆಯ ತಕ್ಕಡಿ ಇಟ್ಟುಕೊಂಡು ಇದನ್ನು ಮಾಡಬಹುದು. ಬೇರು ತೊಳೆದವರು ಪೂರ್ತಿ ಒಣಗಿಸಲೂ ಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ದಯವಿಟ್ಟು ಮಾಲು ಗಿರಣಿಗೆ ಹೋಗುವ ಮೊದಲು ಪ್ರತಿ ಲಾಟಿನಿಂದ, ಮೇಲಿನ ಚೀಲವೊಂದರಿಂದಲೇ ಅಲ್ಲದೆ ಬೇರೆಬೇರೆ ಚೀಲಗಳಿಂದ ಇಡೀ ತುಂಡುಗಳನ್ನು ತೆಗೆದಿಡಿ. ಯಾರಿಂದ, ಯಾವತ್ತು ಬಂತು, ಗಿಡದ ಯಾವ ಭಾಗ ಎಂದು ಚೀಟಿ ಅಂಟಿಸಿ. ಅರ್ಧ ನಮಗೆ ಕಳಿಸಿ, ಇನ್ನರ್ಧ ಆ ಔಷಧದ ಅವಧಿ ಮುಗಿಯುವವರೆಗೆ ನಿಮ್ಮಲ್ಲೇ ಇರಲಿ.